ಮನೆಯಳಿಯನ ದ್ವೀಪ

ಸೈರನ್ ಎರಡು ಸಲ ಕೂಗಿತು. ಲಂಬಿಸ್ ತಡೆಗಂಬ ಇಳಿಸಿದ, ಕಿಟಕಿಯಿಂದ ಕತ್ತು ಹೊರಗೆ ಹಾಕಿ ಸೇತುವೆಯ ಮೇಲೆ ಯಾರೂ ಉಳಿದಿಲ್ಲವೆಂದು ನೋಡಿಕೊಂಡ, ಆಮೇಲೆ ಗುಂಡಿ ಒತ್ತಿದ. ಹಲಗೆ ಹಾಸಿದ ಸೇತುವೆ ಗೊಣಗುತ್ತ ಸ್ನಾನಕ್ಕೆ ಇಳಿಯುವ ಮುದುಕನ ಹಾಗೆ ನಿಧಾನವಾಗಿ ನೀರಿನೊಳಕ್ಕೆ ಹೋಯಿತು.

ಕೊರಿಂತ್ ಕಾಲುವೆಯ ಪಡುವಣ ತುದಿಯ ಈ ಸೇತುವೆ ಬೇರೆ ಊರಿನ ಸೇತುವೆಗಳ ಹಾಗೆ ಮೇಲಕ್ಕೆದ್ದು ದೋಣಿಗಳಿಗೆ ದಾರಿ ಬಿಡುವುದಿಲ್ಲ. ತಾನೇ ಮುಳುಗುತ್ತದೆ. ದೋಣಿ ತಲೆಯ ಮೇಲೆ ಹಾದುಹೋದ ನಂತರ ಮತ್ತೆ ಏಳುತ್ತದೆ. ಅದನ್ನು ಮುಳುಗಿಸಿ ಎಬ್ಬಿಸುವುದು ಲಂಬಿಸನ ಕೆಲಸ.

ತೆಂಕಣ ದಡದ ಕಾಫಿ ಅಂಗಡಿಯಿಂದ ದಿನನಿತ್ಯದ ಪ್ರಶ್ನೆ ಬಂತು. ಕೇಳಿದವನು ಅಂಗಡಿಯ ಒಡೆಯ ತ್ರಿಫೊನಾಸ್.

"ಏನಯ್ಯಾ ಲಂಬಿಸ್, ಈಗ ನಾವು ದ್ವೀಪಾನೋ, ನೆಲಾನೋ?"

"ದ್ವೀಪ."

"ಎಷ್ಟೊತ್ತು?"

"ಆ ಜರ್ಮನ್ ಮುದುಕ ಹಾಯಿದೋಣೀನ ನೆಟ್ಟಗೆ ನಡೆಸಿದ್ರೆ ಒಂದು ಕಾಫಿ ಹೊತ್ತು."

"ನಡೆಸ್ದೇ ಇದ್ರೆ?"

"ಎರಡು ಕಾಫಿ. ನಿನ್ನಂಗಡಿ ನಡೀತಿರೋದೇ ನನ್ನಿಂದ ಕಣೋ, ಸುಮ್ನಿರು."

ಎರಡೂ ದಡದಲ್ಲಿ ವಾಹನಗಳು ಸಾಲುಗಟ್ಟಿದವು. ಕಾಲುವೆಯ ಗುಂಟ ಸ್ವಲ್ಪ ಒಳಕ್ಕೆ ಹೋದರೆ ಎತ್ತರದ ಇನ್ನೊಂದು ಸೇತುವೆ ಇದೆ. ಅದು ಮುಳುಗುವುದೂ ಇಲ್ಲ, ಏಳುವುದೂ ಇಲ್ಲ. ಒಂದೆರಡು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಆಚೆ ದಡ ಸೇರಬಹುದು. ಇದು ಇಲ್ಲಿ ಕಾಯುವ ಎಲ್ಲರಿಗೂ ಗೊತ್ತು. ಆದರೂ ಯಾರೂ ಹೋಗುವುದಿಲ್ಲ. ‘ಒಂದೇ ದೋಣಿ, ಇನ್ನೇನು ಮುಗೀತು’ ಎಂದು ಎಂಜಿನ್ ಆರಿಸುತ್ತಾರೆ. ಎರಡನೆಯ ದೋಣಿ ಕಂಡಾಗ ‘ಇಷ್ಟು ಹೊತ್ತು ಕಾದು ಈಗ ಹೋದರೆ ಏನು ಮರ್ಯಾದೆ’ ಎನ್ನುತ್ತಾರೆ. ಮೂರನೆಯದಕ್ಕೆ ಲಂಬಿಸನ ತಾಯಿಯನ್ನು ನೆನೆಯುತ್ತಾರೆ. ವಾಹನ ತಿರುಗಿಸಿಕೊಂಡು ಹೋಗುವವರು ಪರ ಊರಿನವರು ಮಾತ್ರ. ಅವರನ್ನು ಎರಡೂ ದಡದವರು ಕನಿಕರದಿಂದ ನೋಡುತ್ತಾರೆ.

ಕಾಯುವುದಕ್ಕೆ ಇನ್ನೊಂದು ನೆಪವೂ ಉಂಟು. ಸೇತುವೆ ಏಳುವಾಗ ಅದರ ಹಲಗೆಗಳ ಮೇಲೆ ಒಮ್ಮೊಮ್ಮೆ ಮೀನು ಸಿಕ್ಕಿಬೀಳುತ್ತವೆ. ಮೊದಲು ಹೆಜ್ಜೆ ಇಟ್ಟವನಿಗೆ ಮೀನು. ಬೇಡವೆನ್ನುವ ಹಾಗಿಲ್ಲ. ಬೇಡವೆಂದರೆ ಹಿಂದಿನವರು ಅದಕ್ಕಾಗಿ ಜಗಳಕ್ಕೆ ಬಿದ್ದು ಮತ್ತಷ್ಟು ತಡವಾಗುತ್ತದೆ.

ದ್ವೀಪವೋ ನೆಲವೋ ಎಂಬ ತಮಾಷೆ ಹುಟ್ಟಿದ್ದು ಹೆಸರಿನಿಂದ. ತೆಂಕಣ ದಡದಿಂದ ಶುರುವಾಗುವ ಇಡೀ ಪರ್ಯಾಯದ್ವೀಪದ ಹೆಸರು ಪೆಲೊಪೊನ್ನೀಸ್, ಅಂದರೆ ಪೆಲೊಪನ ದ್ವೀಪ. ಆ ಹೆಸರು ಬಂದ ಕಾಲಕ್ಕೆ ಅದು ದ್ವೀಪವೇನೂ ಆಗಿರಲಿಲ್ಲ. ಕಿರಿದಾದ ನೆಲದ ಪಟ್ಟಿಯೊಂದು ಅದನ್ನು ಬಡಗಣ ನಾಡಿಗೆ ಅಂಟಿಸಿ ಹಿಡಿದಿತ್ತು. ಆ ಪಟ್ಟಿಯನ್ನು ಸೀಳಿ ಕಾಲುವೆ ಕಡಿದದ್ದು ಎಷ್ಟೋ ಸಾವಿರ ವರ್ಷಗಳಾದ ಮೇಲೆ, ಲಂಬಿಸನ ಮುತ್ತಜ್ಜನ ಕಾಲದಲ್ಲಿ. "ಹೆಸರಿಟ್ಟೋರು ಸ್ವಲ್ಪ ಮುಂಚೆ ಬಂದುಬಿಟ್ಟಿದ್ರು, ಅಷ್ಟೇ. ಉಳಿದ ಕೆಲಸ ದಿನಾ ನಾನು ಮುಗಿಸ್ತಿದೀನಿ," ಎಂದು ಲಂಬಿಸ್ ಹೇಳುತ್ತಾನೆ.

ಪುರಾಣದ ಆ ಪೆಲೊಪ ಈ ನೆಲದವನೂ ಅಲ್ಲ. ಪೂರ್ವದ ಕಡಲಾಚೆಯಿಂದ ಹೆಣ್ಣು ಕೇಳಿಕೊಂಡು ಬಂದವನು. ಇಲ್ಲಿನ ರಾಜನಿಗೆ ಅಳಿಯಂದಿರೆಂದರೆ ಆಗುತ್ತಿರಲಿಲ್ಲ. ಮಗಳನ್ನು ಕೇಳಲು ಬಂದವರನ್ನೆಲ್ಲ ರಥದ ಪಂದ್ಯಕ್ಕೆ ಕರೆದು, ಸೋಲಿಸಿ, ಕೊಲ್ಲುತ್ತಿದ್ದ. ಪೆಲೊಪ ರಾಜನ ಸಾರಥಿಯನ್ನು ಒಳಗೆ ಹಾಕಿಕೊಂಡು ರಥದ ಗಾಲಿಯನ್ನು ಅಚ್ಚಿಗೆ ಹಿಡಿದಿಡುವ ಕಡಾಣಿಯ ಬದಲು ಮೇಣದ ಕಡಾಣಿ ಹಾಕಿಸಿದ. ಗಾಲಿ ಕಳಚಿತು. ಮಾವ ಸತ್ತ, ಹುಡುಗಿ ಸಿಕ್ಕಳು, ಮಾವನ ಮನೆ ಸಿಕ್ಕಿತು, ಕೊನೆಗೆ ನೆಲಕ್ಕೆಲ್ಲ ಅವನ ಹೆಸರೇ ನಿಂತಿತು. ಮಾವನ ಹೆಸರೇನು ಎಂದು ಕಾಫಿ ಅಂಗಡಿಯಲ್ಲಿ ಕೇಳಿ ನೋಡಿ. ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ.

ಇದು ಶಾಲೆಯಲ್ಲಿ, ಕಚೇರಿಯಲ್ಲಿ ನಡೆಯುವ ಹೆಸರು. ಅಡುಗೆಮನೆಯಲ್ಲಿ, ಜಗಳದಲ್ಲಿ, ಹಾಡಿನಲ್ಲಿ ಈ ನೆಲದ ಹೆಸರು ಮೊರಿಯಾ. ಅದು ಹಿಪ್ಪುನೇರಳೆಯ ಗ್ರೀಕ್ ಹೆಸರಿನಿಂದ ಬಂದದ್ದೆಂದು ಹೆಚ್ಚಿನವರು ನಂಬುತ್ತಾರೆ. ಒಂದು ಕಾಲದಲ್ಲಿ ರೇಷ್ಮೆಹುಳುವಿಗಾಗಿ ಎಲ್ಲೆಲ್ಲೂ ಆ ಮರಗಳೇ ಇದ್ದುದರಿಂದ ಎಂದು ಕೆಲವರು, ನೆಲದ ಆಕಾರವೇ ಹಿಪ್ಪುನೇರಳೆ ಎಲೆಯ ಹಾಗಿರುವುದರಿಂದ ಎಂದು ಕೆಲವರು. ಎಲೆಯ ವಾದವನ್ನು ಲಂಬಿಸನ ಹೆಂಡತಿ ಅಸಿಮಿನಾ ಒಪ್ಪುವುದಿಲ್ಲ. "ಆಗಿನ ಕಾಲದಲ್ಲಿ ಮೇಲೆ ಹಾರಿ ನೋಡಿದ್ದು ಯಾರು, ಕಾಗೇನಾ?" ಎಂದು ಕೇಳುತ್ತಾಳೆ. ಅಸಿಮಿನಾಳ ಅಂಗಳದಲ್ಲೂ ಒಂದು ಹಿಪ್ಪುನೇರಳೆ ಇದೆ. ಅದರ ಹೆಸರು ‘ಕೊಸ್ಮಾಸನ ಮರ’.

ಲಂಬಿಸನ ಸಂಕಟ ಇರುವುದು ಅಲ್ಲಿಯೇ. ಕೊಸ್ಮಾಸ್ ಎಂದರೆ ಅಸಿಮಿನಾಳ ತಂದೆ. ತೀರಿಕೊಂಡು ಎಷ್ಟೋ ಕಾಲವಾಯಿತು. ಲಂಬಿಸನ ಅಜ್ಜ ಅಜ್ಜಿ ಪೂರ್ವದ ಕಡಲಾಚೆಯಿಂದ ದೋಣಿಯಲ್ಲಿ ಓಡಿಬಂದು ಕಾಲುವೆಯ ಬಡಗಣ ದಡದಲ್ಲಿ ನೆಲೆಸಿದ ನಿರಾಶ್ರಿತರು. ಹಡಗಿನ ಎಂಜಿನ್ ರಿಪೇರಿ ಕಲಿತ ಹುಡುಗ ಲಂಬಿಸ್ ಒಂದು ಈಸ್ಟರ್ ಹಬ್ಬದಲ್ಲಿ ತೆಂಕಣ ದಡದ ಅಸಿಮಿನಾಳನ್ನು ಕಂಡ. ಸೇತುವೆ ದಾಟಿ ಬಂದ, ಮದುವೆಯಾದ, ಒಬ್ಬಳೇ ಮಗಳಿದ್ದ ಮಾವನ ಮನೆಯಲ್ಲೇ ಉಳಿದ. ಮನೆಯಳಿಯ. ಸೋರುವ ಮಾಡಿಗೆ ಹೊಸ ಹೆಂಚು ಹೊದಿಸಿದ್ದು ಲಂಬಿಸ್, ಮನೆ ಕೊಸ್ಮಾಸನದು. ಒಣಗಿದ ದ್ರಾಕ್ಷಿತೋಟ ಕಿತ್ತು ಮತ್ತೆ ನೆಟ್ಟದ್ದು ಲಂಬಿಸ್, ತೋಟ ಕೊಸ್ಮಾಸನದು. ಮಾವ ಸತ್ತ ಮೇಲೆ ತಂದ ನಾಯಿಯನ್ನೂ ಜನ ಕೊಸ್ಮಾಸನ ನಾಯಿ ಎಂದೇ ಕರೆದರು. ಊರಿನಲ್ಲಿ ಅವನು ‘ಕೊಸ್ಮಾಸನ ಅಳಿಯ’. ಲಂಬಿಸ್ ಎಂದು ಕರೆಯುವುದು ಸೇತುವೆಯ ಹತ್ತಿರ ಮಾತ್ರ, ಅದೂ ಬೈಯುವಾಗ.

ಅವನ ಪೂರ್ತಿ ಹೆಸರು ಹರಾಲಂಬೊಸ್. ಅದು ಮುಂದುವರಿಯಲು ಒಂದೇ ದಾರಿ ಉಳಿದಿತ್ತು. ಒಬ್ಬಳೇ ಮಗಳು ಫೊತಿನಿಗೆ ಎರಡು ಗಂಡು ಮಕ್ಕಳು. ವಾಡಿಕೆಯಂತೆ ಮೊದಲನೆಯವನಿಗೆ ತಂದೆಯ ತಂದೆಯ ಹೆಸರು ಹೋಯಿತು. ಲಂಬಿಸ್ ತನ್ನ ಸರದಿಗೆ ಕಾದ. ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಆದರೆ ದೀಕ್ಷಾಸ್ನಾನ ಆಗುವ ತನಕ ಮಗುವಿಗೆ ಹೆಸರಿಲ್ಲ. ಹಲ್ಲು ಮೂಡಿ ಅಂಬೆಗಾಲಿಡುತ್ತಿದ್ದರೂ ಅವನು ಬರೀ ಪಾಪು. ಆ ದಿನ ಪಾದ್ರಿ ಹೆಸರು ಕೇಳುವುದು ತಂದೆಯನ್ನೂ ಅಲ್ಲ, ತಾಯಿಯನ್ನೂ ಅಲ್ಲ. ಮಗುವನ್ನು ಎತ್ತಿಕೊಂಡು ನಿಂತ ಜ್ಞಾನತಂದೆಯನ್ನು. ಅವನ ಬಾಯಿಂದ ಬಂದದ್ದೇ ಹೆಸರು.

ಆ ಗುರುವಾರ ಜರ್ಮನ್ ಮುದುಕನ ದೋಣಿ ಹೇಗೋ ದಾಟಿ ಸೇತುವೆ ಎದ್ದು ನಿಂತಾಗ ಫೊತಿನಿ ಕ್ಯಾಬಿನ್ನಿಗೆ ಬಂದಳು. ಕಂಕುಳಲ್ಲಿ ಪಾಪು.

"ಅಪ್ಪಾ, ಕೂತ್ಕೋ."

"ಕೂತೇ ಇದೀನಲ್ಲ."

"ಹಾಗಾದ್ರೆ ಏಳ್ಬೇಡ. ಅರಿಸ್ತಿದಿಸ್ ಪಾಪೂಗೆ ಪೆಲೊಪ ಅಂತ ಹೆಸರಿಡ್ತಾನಂತೆ."

ಅರಿಸ್ತಿದಿಸ್ ಎಂದರೆ ಬಡಗಣ ದಡದ ಲೂತ್ರಾಕಿ ಪಟ್ಟಣದ ಹಲ್ಲಿನ ಡಾಕ್ಟರು, ಫೊತಿನಿಯ ಗಂಡನ ಗೆಳೆಯ, ಪಾಪುವಿನ ಜ್ಞಾನತಂದೆಯಾಗಲು ಒಪ್ಪಿಕೊಂಡವನು. ಹಳೆಯ ಕಲ್ಲು, ಹಳೆಯ ಕಂಬ, ಹಳೆಯ ಹೆಸರು ಎಂದರೆ ಪ್ರಾಣ. ರೋಗಿಯ ಬಾಯಿ ತೆರೆಸಿಟ್ಟು ಪುರಾಣ ಹೇಳುವುದು ಅವನ ರೂಢಿ, ಯಾರೂ ಎದುರಾಡುವಂತಿಲ್ಲ.

"ಪೆಲೊಪ?" ಎಂದ ಲಂಬಿಸ್. "ಸಂತರಲ್ಲಿ ಆ ಹೆಸರಿನೋರು ಯಾರಿದಾರೆ? ಪಾದ್ರಿ ಒಪ್ತಾರಾ?"

"ಕೇಳ್ದೆ. ‘ನಮ್ಮ ಗಂಟೆ ಹೊಡೆಯೋನೇ ಸಾಕ್ರಟೀಸ್, ಇನ್ನು ಪೆಲೊಪ ಬಂದ್ರೆ ನನಗೇನಮ್ಮ’ ಅಂದ್ರು."

"ನೀನು ಹೇಳ್ಲಿಲ್ವಾ, ನನ್ನ ಹೆಸರು ಅಂತ?"

"ಹೇಳ್ದೆ ಅಪ್ಪಾ. ಅದು ನಿನಗೇ ಗೌರವ ಅಂತಾನೆ. ಪೆಲೊಪಾನೂ ಕಡಲಾಚೆಯೋನು, ಪೆಲೊಪಾನೂ ಮನೆಯಳಿಯ. ನಿಮ್ಮಪ್ಪಂಗೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟಾ ಅಂದ."

ಲಂಬಿಸ್ ಪಾಪುವನ್ನು ನೋಡಿದ. ಪಾಪು ಸೈರನ್ನಿನ ಗುಂಡಿಯನ್ನು ನೋಡುತ್ತಿತ್ತು.

"ಗೌರವ ಅವನೇ ಇಟ್ಕೊಳ್ಲಿ," ಎಂದ. "ನಂಗೆ ಹೆಸರು ಬೇಕು."

ಸಂಜೆಯೊಳಗೆ ಸುದ್ದಿ ಎರಡೂ ದಡ ಮುಟ್ಟಿತು. ಮರುದಿನ ತ್ರಿಫೊನಾಸ್ "ಬಾರಪ್ಪಾ ಪೆಲೊಪ, ರಥ ಎಲ್ಲಿ ನಿಲ್ಲಿಸ್ದೆ?" ಎಂದು ಸ್ವಾಗತಿಸಿದ. ಮನೆಯಲ್ಲಿ ಅಸಿಮಿನಾ ಬೇರೆ ಥರ ಮಾತಾಡಿದಳು.

"ಇಷ್ಟು ವರ್ಷ ನಮ್ಮಪ್ಪನ ಮಂಚದ ಮೇಲೆ ಗೊರಕೆ ಹೊಡೀತಾ ಬಂದಿದೀಯ, ಒಂದು ದಿನ ಸಂಕೋಚ ಆಗ್ಲಿಲ್ಲ. ಈಗ ಹೆಸರಿಗೋಸ್ಕರ ಊಟ ಬಿಡ್ತೀಯಾ?"

"ಹಸಿವಿಲ್ಲ."

"ಹಸಿವಿಲ್ದೆ ಏನು. ಮುನಿಸಿಗೆ ಮೀನು ಹಾಳು ಮಾಡ್ಬೇಡ, ತಿನ್ನು." ಬಡಿಸಿ ಅವಳು ಕಿಟಕಿಯ ಕಡೆ ತಿರುಗಿದಳು. "ನಾನೂ ಅವನ ಹತ್ರ ಮಾತಾಡ್ದೆ. ಹಲ್ಲು ತೋರಿಸಿ ಅಂದ. ತೋರಿಸ್ದೆ. ಆಮೇಲೆ ಮಾತಾಡೋಕೆ ಬಿಡ್ಲೇ ಇಲ್ಲ."

ದೀಕ್ಷಾಸ್ನಾನ ಇದ್ದದ್ದು ಭಾನುವಾರ, ತೆಂಕಣ ದಡದ ಚರ್ಚಿನಲ್ಲಿ. ಲಂಬಿಸ್ ಬೆಳಗಿನ ಪಾಳಿ ಮುಗಿಸಿ ಸೀದಾ ಹೋಗುವುದೆಂದಾಗಿತ್ತು. ಇಸ್ತ್ರಿ ಮಾಡಿದ ಅಂಗಿ ಕ್ಯಾಬಿನ್ನಿನ ಮೊಳೆಗೆ ನೇತುಹಾಕಿದ್ದ. ಮುಂದಿನ ಪಾಳಿಗೆ ಅವನ ಜೊತೆಗಾರ ಥಿಮಿಯೊಸ್ ಬಂದು ಕೈಚೀಲ ಇಳಿಸುವಷ್ಟರಲ್ಲಿ ಕಾಲುವೆಯ ಕಾವಲು ಗೋಪುರದಿಂದ ರೇಡಿಯೊದಲ್ಲಿ ಆದೇಶ ಬಂತು: ಹಾಯಿದೋಣಿಗಳ ಒಂದು ಹಿಂಡು ಬರುತ್ತಿದೆ, ಸೇತುವೆ ಇಳಿಸಿ. ಲಂಬಿಸ್ ಇಳಿಸಿದ. ಇಳಿಸಿ ತಲೆ ಎತ್ತಿದರೆ ಆಚೆ ದಡದ ಸಾಲಿನಲ್ಲಿ ಮೊದಲನೆಯದು ಅರಿಸ್ತಿದಿಸನ ಕಾರು.

ಜ್ಞಾನತಂದೆ ಬರಿಗೈಯಲ್ಲಿ ಬರುವುದಿಲ್ಲ. ಮಗುವಿನ ಮೈಗೆ ಹಚ್ಚುವ ಎಣ್ಣೆ, ಬಿಳಿ ಬಟ್ಟೆ, ಕೊರಳಿನ ಶಿಲುಬೆ, ರಿಬ್ಬನ್ ಕಟ್ಟಿದ ಎತ್ತರದ ಮೇಣದಬತ್ತಿ ಎಲ್ಲ ಅವನೇ ತರಬೇಕು. ಎಲ್ಲವೂ ಆ ಕಾರಿನಲ್ಲಿದ್ದವು. ಚರ್ಚಿನಲ್ಲಿ ಮಗುವನ್ನು ಮುಳುಗಿಸುವ ಕೊಪ್ಪರಿಗೆಗೆ ಬಿಸಿನೀರು ಹೊಯ್ದಾಗಿತ್ತು.

ಅರಿಸ್ತಿದಿಸ್ ಎಂಜಿನ್ ಆರಿಸಿ ಕೆಳಗಿಳಿದ. ‘ಒಂದೇ ದೋಣಿ’ ಎಂದುಕೊಂಡಿರಬೇಕು. ಹಿಂದೆ ಎರಡನೆಯದು ಬಂತು, ಅದರ ಹಿಂದೆ ಇನ್ನಷ್ಟು ದೋಣಿಗಳ ಕೂವೆಮರಗಳು ಕಂಡವು. ಎತ್ತರದ ಸೇತುವೆಯ ಕಡೆಗೆ ಒಮ್ಮೆ ನೋಡಿದ. ಹೋಗಲಿಲ್ಲ. ಅವನೂ ಇಲ್ಲಿಯವನೇ.

ಕಾಲುವೆ ಅಗಲವಿಲ್ಲ. ಕೂಗಿದರೆ ಕೇಳುತ್ತದೆ.

"ಲಂಬಿಸ್! ಎಷ್ಟೊತ್ತಯ್ಯಾ?"

"ಗೋಪುರದೋರನ್ನ ಕೇಳಿ ಡಾಕ್ಟ್ರೇ."

"ಗುಂಡಿ ಇರೋದು ನಿನ್ನ ಕೈಲಿ!"

ಕಾಫಿ ಅಂಗಡಿಯವರು ಕುರ್ಚಿಗಳನ್ನು ನೀರಿನ ಕಡೆಗೆ ತಿರುಗಿಸಿಕೊಂಡರು. ತ್ರಿಫೊನಾಸ್ ಕೈಯನ್ನು ಬಾಯಿಗೆ ಅಡ್ಡವಿಟ್ಟು ಕೂಗಿದ.

"ಡಾಕ್ಟ್ರೇ, ಹೆಸರು ಹೇಳೋವರೆಗೂ ಇವನು ಎತ್ತೋದಿಲ್ಲ!"

"ಲೇ, ನಾನೆಲ್ಲಿ ಹಾಗಂದೆ?" ಎಂದ ಲಂಬಿಸ್.

"ನೀನು ಹೇಳ್ಬೇಕಾ? ಮುಖ ನೋಡಿದ್ರೆ ಗೊತ್ತಾಗತ್ತೆ."

ಆಚೆ ದಡದಲ್ಲಿ ಅರಿಸ್ತಿದಿಸ್ ಮೇಣದಬತ್ತಿಯನ್ನು ಕಾರಿನಿಂದ ತೆಗೆದು ಈಟಿಯ ಹಾಗೆ ಹಿಡಿದುಕೊಂಡ. "ಇದು ದಬ್ಬಾಳಿಕೆ! ಹೆದರಿಸಿ ಹೆಸರು ಇಡ್ಸೋದಾ? ಪೆಲೊಪ ಅಂದ್ರೆ ಪೆಲೊಪ! ಆ ಹೆಸರಿಗೆ ಮೂರು ಸಾವಿರ ವರ್ಷದ ಇತಿಹಾಸ ಇದೆ!"

"ಮಾವನ್ನ ಕೊಂದ ಇತಿಹಾಸ!" ಎಂದ ತ್ರಿಫೊನಾಸ್. "ಪಾಪೂಗೆ ಈಗಲೇ ಕೆಟ್ಟ ಬುದ್ಧಿ ಕಲಿಸ್ಬೇಡಿ!"

ಕಾದು ನಿಂತವರು ಎರಡು ಪಕ್ಷವಾದರು. ಕಿತ್ತಳೆ ತುಂಬಿದ ಲಾರಿಯವನೊಬ್ಬ ತನ್ನಪ್ಪನ ಹೆಸರಾದರೂ ಸರಿ, ಯಾವುದಾದರೂ ಇಟ್ಟು ಸೇತುವೆ ಎತ್ತಿ ಎಂದ. ಅಷ್ಟರಲ್ಲಿ ಅಸಿಮಿನಾ ಚರ್ಚಿನ ಬಟ್ಟೆಯಲ್ಲೇ ದಾಪುಗಾಲು ಹಾಕುತ್ತ ಬಂದು ಕ್ಯಾಬಿನ್ನಿನ ಕೆಳಗೆ ನಿಂತಳು.

"ನೀರು ಆರ್ತಾ ಇದೆ! ಪಾದ್ರಿ ಬೈತಾ ಇದಾರೆ! ನಿಜ ಹೇಳು, ಬೇಕಂತ ಹಿಡಿದಿಟ್ಟಿದೀಯಾ?"

"ಆಣೆ ಇಲ್ಲ ಕಣೇ. ದೋಣಿ ಬರ್ತಾ ಇವೆ, ಕಣ್ಣಿಲ್ವಾ?"

"ಯಾರಾಣೆ?"

ಲಂಬಿಸ್ ಯೋಚಿಸಿದ. "ನಿಮ್ಮಪ್ಪನಾಣೆ."

ಅಸಿಮಿನಾ ಶಿಲುಬೆಯ ಗುರುತು ಹಾಕಿಕೊಂಡು ಆಚೆ ದಡದ ಕಡೆ ತಿರುಗಿದಳು.

ರೇಡಿಯೊ ಕರಕರ ಎಂದಿತು. ಕಡೆಯ ದೋಣಿ ದಾಟಿದೆ, ಎತ್ತಬಹುದು. ಹೊರಗಿನ ಗದ್ದಲದಲ್ಲಿ ಅದು ಕೇಳಿದ್ದು ಕ್ಯಾಬಿನ್ನಿನೊಳಗೆ ಇದ್ದ ಇಬ್ಬರಿಗೆ. ಥಿಮಿಯೊಸ್ ಬೇಕೆಂದೇ ಗೋಡೆಯ ಕ್ಯಾಲೆಂಡರನ್ನು ನೋಡತೊಡಗಿದ. ಕಾಲುವೆಯ ಬಾಯಿಯಾಚೆ ಕಡೆಯ ಹಾಯಿ ಇನ್ನೂ ಬಿಳಿಯಾಗಿ ಕಾಣುತ್ತಿತ್ತು; ಇನ್ನೊಂದಿಷ್ಟು ಹೊತ್ತು ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ಆಚೆ ದಡದಲ್ಲಿ ಅರಿಸ್ತಿದಿಸ್ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಮೇಣದಬತ್ತಿ ಬಿಸಿಲಿಗೆ ಸ್ವಲ್ಪ ಬಾಗಿತ್ತು.

ಲಂಬಿಸ್ ಗುಂಡಿ ಒತ್ತಿದ. ಅವನ ಬೆರಳು ಗುಂಡಿ ಮುಟ್ಟುವುದಕ್ಕೂ ಆಚೆ ದಡದಿಂದ ಕೂಗು ಬರುವುದಕ್ಕೂ ಸರಿಹೋಯಿತು.

"ಆಯ್ತು ಮಾರಾಯಾ! ಹರಾಲಂಬೊಸ್ ಅಂತೀನಿ! ಎತ್ತು!"

ಸೈರನ್ ಕೂಗಿತು. ನೀರು ಕದಡಿತು, ಸೇತುವೆ ಮೇಲೆ ಬಂತು. ಕಾಫಿ ಅಂಗಡಿಯಲ್ಲಿ ಚಪ್ಪಾಳೆ. ಲಾರಿಯವನು ಹಾರನ್ ಒತ್ತಿದ. ಹಲಗೆಗಳ ಮೇಲೆ ಬೆಳ್ಳಿ ಮೈಯ ಒಂದು ದಪ್ಪ ಮೀನು ಪಟಪಟ ಹೊರಳುತ್ತಿತ್ತು.

ಮೊದಲು ಹೆಜ್ಜೆ ಇಟ್ಟವನು, ಕಾರು ಬದಿಗೆ ನಿಲ್ಲಿಸಿ ನಡೆದು ಬಂದ ಅರಿಸ್ತಿದಿಸ್. ಹೊಸ ಬೂಟು, ಹೆಗಲಿಗೆ ಎಣ್ಣೆ ಬಟ್ಟೆಗಳ ಚೀಲ, ಒಂದು ಕೈಯಲ್ಲಿ ಬಾಗಿದ ಮೇಣದಬತ್ತಿ. ಮೀನನ್ನು ಬಳಸಿ ಹೋಗಲು ನೋಡಿದ.

"ಮೀನು ತಗೊಳ್ಳಿ ಡಾಕ್ಟ್ರೇ, ಮೀನು!" ಎಂದು ಎರಡೂ ದಡ ಕೂಗಿದವು.

ಬೇರೆ ದಾರಿಯಿಲ್ಲದೆ ಬಾಲ ಹಿಡಿದು ಎತ್ತಿದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಲಂಬಿಸ್ ಇಳಿದು ಬಂದು, ಅವನ ಕೈಯಿಂದ ಮೀನು ಇಸಕೊಂಡು ತನ್ನ ಚೀಲಕ್ಕೆ ಹಾಕಿದ.

"ಡಾಕ್ಟ್ರೇ, ಒಂದು ಮಾತು. ನಾನು ಹಿಡಿದಿಟ್ಟಿರ್ಲಿಲ್ಲ. ನೀವು ಕೂಗೋದಕ್ಕೆ ಮುಂಚೆನೇ ಗೋಪುರದಿಂದ ಹೇಳಿದ್ರು. ಗುಂಡಿ ಒತ್ತಿದ್ದೂ ಆಗಿತ್ತು."

ಅರಿಸ್ತಿದಿಸ್ ಅವನನ್ನು ದಿಟ್ಟಿಸಿದ. "ಈಗ್ಯಾಕೆ ಹೇಳ್ತೀಯ?"

"ಹೇಳ್ಬೇಕು ಅನ್ನಿಸ್ತು. ನಿಮ್ಮ ಬಾಯಿ, ನಿಮ್ಮಿಷ್ಟ."

ಹಿಂದಿದ್ದ ಅಸಿಮಿನಾ ಹಣೆ ಹಣೆ ಚಚ್ಚಿಕೊಂಡಳು. "ಇವನನ್ನ ಕಟ್ಕೊಂಡು ನಾನು ಏನು ಮಾಡ್ಲಿ," ಎಂದು ಮೇರಿಮಾತೆಯನ್ನು ಕೇಳಿದಳು.

ಚರ್ಚಿನಲ್ಲಿ ಪಾಪು ಬಟ್ಟೆ ಬಿಚ್ಚಿಸಿಕೊಂಡು ಆಗಲೇ ಗಂಟಲು ಹರಿದುಕೊಳ್ಳುತ್ತಿತ್ತು. ಅರಿಸ್ತಿದಿಸ್ ಎತ್ತಿಕೊಂಡ. ಲಂಬಿಸ್ ಬಾಗಿಲ ಹತ್ತಿರ, ಮೀನಿನ ಚೀಲ ಹಿಡಿದು ನಿಂತ. ಹತ್ತಿರ ಹೋಗಲು ಫೊತಿನಿ ಕೈಸನ್ನೆ ಮಾಡಿದಳು, ಹೋಗಲಿಲ್ಲ. ಪಾದ್ರಿ ಪ್ರಾರ್ಥನೆಯ ನಡುವೆ ನಿಲ್ಲಿಸಿ ಕೇಳಿದರು.

"ಮಗುವಿನ ಹೆಸರು?"

ಅರಿಸ್ತಿದಿಸ್ ಬಾಯಿ ತೆರೆದ. ಮುಚ್ಚಿದ. ಬಾಗಿಲ ಕಡೆ ನೋಡಿದ.

"ಹರಾಲಂಬೊಸ್," ಎಂದ.

"ಗಟ್ಟಿಯಾಗಿ ಹೇಳಿ ಡಾಕ್ಟ್ರೇ," ಎಂದಳು ಮುಂದಿನ ಸಾಲಿನ ಅಸಿಮಿನಾ. "ಹಿಂದೆ ಇರೋರಿಗೆ ಕೇಳಿಸ್ಲಿಲ್ಲ."

"ಹರಾಲಂಬೊಸ್!"

ಪಾದ್ರಿ ಮೂರು ಸಲ ನೀರಿನಲ್ಲಿ ಮುಳುಗಿಸಿ ಎತ್ತಿದರು. ಮೂರು ಸಲವೂ ಮಗು ಸೈರನ್ನಿನ ಹಾಗೆ ಕೂಗಿತು.

ಮಧ್ಯಾಹ್ನ ಹಿಪ್ಪುನೇರಳೆಯ ಕೆಳಗೆ ಊಟ. ಕುರಿಮರಿಯ ಹುರಿದ ಮಾಂಸ, ಸಕ್ಕರೆ ಲೇಪಿಸಿದ ಬಾದಾಮಿ, ಜೊತೆಗೆ ಆ ಮೀನು. ಉದುರಿದ ಹಣ್ಣಿನ ಮೇಲೆ ಕೂತು ಅರಿಸ್ತಿದಿಸನ ಪ್ಯಾಂಟು ನೇರಳೆಯಾಗಿತ್ತು. ನಿಜ ಗೊತ್ತಾದ ಮೇಲೂ ಯಾಕೆ ಹಾಗೆ ಹೇಳಿದೆ ಎಂದು ಫೊತಿನಿ ಅವನನ್ನು ಕೇಳಿದಳು.

"ತ್ರಿಫೊನಾಸನ ಇಡೀ ಅಂಗಡಿ ಮುಂದೆ ಕೂಗಿಬಿಟ್ಟಿದ್ದೆನಲ್ಲಮ್ಮ. ಮಾತು ತಪ್ಪಿದ್ರೆ ಆಮೇಲೆ ಈ ಸೇತುವೆ ಮೇಲೆ ಕಾಲಿಡೋಕಾಗತ್ತಾ?"

"ಎತ್ತರದ ಸೇತುವೆ ಇದೆಯಲ್ಲ," ಎಂದ ಲಂಬಿಸ್.

"ಅಲ್ಲಿ ಯಾರು ಸುತ್ತಿ ಹೋಗ್ತಾರೆ," ಎಂದ ಅರಿಸ್ತಿದಿಸ್.

ತ್ರಿಫೊನಾಸ್ ಲೋಟ ಎತ್ತಿದ. ಹಳೇ ಪೆಲೊಪ ಗಾಲಿಗೆ ಮೇಣ ಇಟ್ಟು ಹೆಸರು ಗೆದ್ದ, ನಮ್ಮ ಪೆಲೊಪ ಕಾಲುವೆಗೆ ದೋಣಿ ಇಟ್ಟು ಗೆದ್ದ ಎಂದು ಸಾರಿದ. ತಾನು ಏನೂ ಇಟ್ಟಿಲ್ಲವೆಂದು ಲಂಬಿಸ್ ಮತ್ತೆ ಹೇಳಿದ. ನಂಬಿದವರು ಯಾರೂ ಇರಲಿಲ್ಲ, ಸಾಕ್ಷಿ ಹೇಳಬಹುದಾಗಿದ್ದ ಥಿಮಿಯೊಸ್ ಪಾಳಿಯಲ್ಲಿದ್ದ. ಒಂದೆರಡು ಸಲ ಹೇಳಿ ಲಂಬಿಸ್ ಸುಮ್ಮನಾದ. ಬಾಯಲ್ಲಿ ಮೀನಿತ್ತು, ತೊಡೆಯ ಮೇಲೆ ಹರಾಲಂಬೊಸ್ ನಿದ್ದೆ ಹೋಗಿದ್ದ.

ಫೆಬ್ರವರಿ ಹತ್ತು ಸಂತ ಹರಾಲಂಬೊಸನ ದಿನ, ಆ ಹೆಸರು ಹೊತ್ತವರಿಗೆಲ್ಲ ಹಬ್ಬ. ಅವತ್ತು ಹೆಸರಿನ ಹಬ್ಬ ಇನ್ನು ಮೇಲೆ ಇಬ್ಬರಿಗೆ. ಪಾಳಿ ಬದಲಾಯಿಸಿಕೊಳ್ಳಲು ಲಂಬಿಸ್ ಥಿಮಿಯೊಸನಿಗೆ ಈಗಲೇ ಹೇಳಿಟ್ಟಿದ್ದಾನೆ. ಊಟ ಕೊಸ್ಮಾಸನ ಮನೆಯಲ್ಲಿ.